ಇರುವ ದನಿಗೆ ತಕ್ಕ ಹಾಡು

(ಬಳಗದ ಯುಗಾದಿ ಸಮಾರಂಭದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ನೀವು ಬಳಗದಲ್ಲಿ ಸಮೂಹ ಗಾಯನ ನಡೆಸ್ತೀರಿ, ಮಂಗಳವಾರ ಸಂಜೆ ಊರಿನವರ ಕ್ವೈರ್‌ನಲ್ಲೂ ಹಾಡ್ತೀರಿ, ಹಾಡು ಆರಿಸೋದು ಹೇಗೆ ಅಂತ ಇಪ್ಪತ್ತು ನಿಮಿಷ ಮಾತಾಡಿ" ಅಂದರು. ನಾನು ಸಂಗೀತ ವಿದುಷಿ ಅಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಕೆಲಸ ಮಾಡೋಳು. ಊರಲ್ಲಿ ಆರೇಳು ವರ್ಷ ಕರ್ನಾಟಕ ಸಂಗೀತ ಕಲಿತದ್ದು, ಇಲ್ಲಿಗೆ ಬಂದ ಮೇಲೆ ಕ್ವೈರ್‌ನಲ್ಲಿ ಆಲ್ಟೊ ಸಾಲಿನಲ್ಲಿ ನಿಂತು ಕಲಿತದ್ದು, ಇಷ್ಟೇ ನನ್ನ ಬಂಡವಾಳ. ಆದರೂ ಒಪ್ಪಿಕೊಂಡೆ. ಯಾಕೆಂದರೆ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೀನಿ. ಅದನ್ನು ನಿಮ್ಮೆದುರು ಹೇಳಿಬಿಟ್ಟರೆ ಮುಂದಿನ ಮಾತು ಸುಲಭ.

ಎರಡು ವರ್ಷದ ಹಿಂದಿನ ರಾಜ್ಯೋತ್ಸವ. ನಮ್ಮ ಗುಂಪಿನಲ್ಲಿ ಹೆಂಗಸರು 11, ಗಂಡಸರು 7, ಕನ್ನಡ ಶಾಲೆಯ ಮಕ್ಕಳು 6. ನಾನು ನನಗೆ ತುಂಬಾ ಇಷ್ಟವಾದ ಒಂದು ಭಾವಗೀತೆ ಆರಿಸಿದೆ. ಶ್ರುತಿ ಐದು ಮನೆ, ಅಂದರೆ ನನ್ನ ಶ್ರುತಿ. ಹಾಡು ಚರಣದಲ್ಲಿ ತಾರಸ್ಥಾಯಿಯ ಮಧ್ಯಮಕ್ಕೆ ಏರುತ್ತೆ. ಹೆಂಗಸರು ಚೆನ್ನಾಗಿಯೇ ಹಾಡಿದರು. ಗಂಡಸರು ಪಲ್ಲವಿಯಲ್ಲಿ ಒಂದು ಸ್ಥಾಯಿ ಕೆಳಗಿಳಿದರೆ ಗೊಣಗಿದ ಹಾಗೆ, ಮೇಲೇರಿದರೆ ಕಿರುಚಿದ ಹಾಗೆ. ಮೂರನೇ ಅಭ್ಯಾಸಕ್ಕೆ ಏಳು ಜನ ಐದಾದರು, ಕೊನೆಗೆ ಎರಡು. ನಾನು, "ಗಂಡಸರಿಗೆ ಶ್ರದ್ಧೆ ಇಲ್ಲ" ಅಂದುಕೊಂಡೆ.

ಮಕ್ಕಳಲ್ಲಿ ಹದಿಮೂರು ವರ್ಷದ ಒಬ್ಬ ಹುಡುಗ ಇದ್ದ. ಚಿಕ್ಕಂದಿನಿಂದ ಎಲ್ಲರಿಗಿಂತ ಮುಂದೆ ನಿಂತು ಹಾಡುತ್ತಿದ್ದವನು. ಆ ವರ್ಷ ಅವನ ದನಿ ಒಡೆಯಿತು. ಕಾರ್ಯಕ್ರಮದ ಹಿಂದಿನ ದಿನ ಅವನ ಸ್ವರ ಜಾರಿ, ಪಕ್ಕದ ಮಕ್ಕಳು ನಕ್ಕರು. ನಾನು ಸಮಾಧಾನ ಮಾಡುವ ದನಿಯಲ್ಲೇ, "ಪರವಾಗಿಲ್ಲ ಪುಟ್ಟ, ನಾಳೆ ಒಂದು ದಿನ ಬರೀ ಬಾಯಿ ಆಡಿಸು" ಅಂದೆ. ಅವನು ಹಾಗೇ ಮಾಡಿದ. ಕಾರ್ಯಕ್ರಮಕ್ಕೆ ಚಪ್ಪಾಳೆ ಬಂತು. ಅದಾದ ಮೇಲೆ ಅವನು ನಮ್ಮ ಗುಂಪಿಗೆ ಬಂದಿಲ್ಲ.

ಆ ಹುಡುಗನ ದನಿಯಲ್ಲಿ ತಪ್ಪಿರಲಿಲ್ಲ, ಆ ಗಂಡಸರ ಶ್ರದ್ಧೆಯಲ್ಲೂ ತಪ್ಪಿರಲಿಲ್ಲ. ತಪ್ಪಿದ್ದು ನಾನು ಹಾಡು ಆರಿಸಿದ ರೀತಿಯಲ್ಲಿ. ಹಾಡನ್ನು ಮೊದಲು ಆರಿಸಿ, ಆಮೇಲೆ ಜನರನ್ನು ಅದರೊಳಗೆ ತುರುಕೋಕೆ ಹೋದೆ. ಈವತ್ತು ನಾನು ಹೇಳಬೇಕಾದ್ದು ಇಷ್ಟೇ: ಮೊದಲು ದನಿ ಎಣಿಸಿ, ಆಮೇಲೆ ಹಾಡು ಹುಡುಕಿ.

ದೊಡ್ಡ ದೊಡ್ಡವರೂ ಹಾಗೇ ಮಾಡಿದ್ದಾರೆ. ಹ್ಯಾಂಡೆಲ್‌ನ 'ಮೆಸ್ಸಾಯ' ಮೊದಲು ಹಾಡಿದ್ದು 1742ರಲ್ಲಿ, ಡಬ್ಲಿನ್‌ನಲ್ಲಿ. ಆಮೇಲೆ ಅದನ್ನು ಮತ್ತೆ ಮತ್ತೆ ನಡೆಸಿದಾಗಲೆಲ್ಲ, ಆ ಸಲ ಯಾವ ಗಾಯಕರು ಸಿಕ್ಕಿದ್ದಾರೋ ಅವರ ಕಂಠಕ್ಕೆ ತಕ್ಕಂತೆ ಹ್ಯಾಂಡೆಲ್ ತಾನೇ ಬರೆದ ಹಾಡುಗಳನ್ನು ತಿದ್ದುತ್ತಿದ್ದ. ಒಂದೇ ಹಾಡು ಒಮ್ಮೆ ಒಂದು ದನಿಗೆ, ಇನ್ನೊಮ್ಮೆ ಇನ್ನೊಂದು ದನಿಗೆ. ಬರೆದವನೇ ಬದಲಾಯಿಸಿದ ಮೇಲೆ, ಶ್ರುತಿ ಒಂದೆರಡು ಮನೆ ಇಳಿಸೋಕೆ ನನಗ್ಯಾಕೆ ಬಿಗುಮಾನ?

ಈಗ ದನಿ ಎಣಿಸೋದು ಹೇಗೆ ಅಂತ ನೋಡೋಣ. ನಮ್ಮ ಸಂಗೀತದಲ್ಲಿ ಗಂಡಸರ ಶ್ರುತಿ ಸಾಮಾನ್ಯವಾಗಿ ಒಂದು ಮನೆಯ ಆಸುಪಾಸು, ಹೆಂಗಸರದು ಐದು ಮನೆಯ ಆಸುಪಾಸು. ಒಬ್ಬೊಬ್ಬರೇ ಹಾಡುವ ಸಂಗೀತದಲ್ಲಿ ಇದರಿಂದ ತೊಂದರೆ ಇಲ್ಲ. ಕಛೇರಿ ಮಾಡುವವರು ತಮ್ಮ ಶ್ರುತಿಗೆ ತಂಬೂರಿ ಹಿಡಿಯುತ್ತಾರೆ. ಕಷ್ಟ ಬರೋದು ಗಂಡು ಹೆಣ್ಣು ಮಕ್ಕಳು ಎಲ್ಲ ಒಟ್ಟಿಗೆ ನಿಂತಾಗ. ಪಾಶ್ಚಾತ್ಯರು ಇದಕ್ಕೆ ಕಂಡುಕೊಂಡ ದಾರಿ ನಾಲ್ಕು ಸಾಲು: ಹೆಂಗಸರಲ್ಲಿ ಎತ್ತರದವರು ಸೊಪ್ರಾನೊ, ತಗ್ಗಿನವರು ಆಲ್ಟೊ, ಗಂಡಸರಲ್ಲಿ ಎತ್ತರದವರು ಟೆನರ್, ತಗ್ಗಿನವರು ಬಾಸ್. ನಾಲ್ವರೂ ಒಂದೇ ಹಾಡಿನೊಳಗೆ, ಆದರೆ ಒಬ್ಬೊಬ್ಬರೂ ಅವರವರ ಮನೆಯಲ್ಲಿ.

ಕೇಳೋಕೆ ಚಂದ. ಆದರೆ ನಮ್ಮಂಥ ಗುಂಪಿಗೆ ಇದನ್ನು ಹಾಗೇ ತಂದು ಹಾಕಿದರೆ ಕೈ ಸುಟ್ಟುಕೊಳ್ಳುತ್ತೀವಿ. ನಿಜವಾದ ಟೆನರ್ ದನಿ ಎಲ್ಲ ಕಡೆಯೂ ವಿರಳ. ಎಂದೂ ಹಾಡದ ಹತ್ತು ಗಂಡಸರನ್ನು ನಿಲ್ಲಿಸಿದರೆ ಹೆಚ್ಚಿನವರ ದನಿ ಎರಡರ ನಡುವೆ ಇರುತ್ತೆ, ಅದನ್ನು ಬ್ಯಾರಿಟೋನ್ ಅಂತಾರೆ. ಇರೋದು ಆರು ಜನ, ಅವರನ್ನು ಮೂರು ಮೂರು ಮಾಡಿ ಒಡೆದರೆ, ಒಬ್ಬರಿಗೆ ನೈಟ್ ಶಿಫ್ಟ್, ಇನ್ನೊಬ್ಬರಿಗೆ ನೆಗಡಿ, ಉಳಿದ ಒಬ್ಬರು ಒಂಟಿ ಕಾಗೆ. ಆದ್ದರಿಂದ ಸಣ್ಣ ಗುಂಪಿಗೆ ಮೂರು ಸಾಲಿನ ಹಾಡು ಒಳ್ಳೆಯದು: ಹೆಂಗಸರು ಎರಡು, ಗಂಡಸರು ಎಲ್ಲ ಸೇರಿ ಒಂದು. ಇಂಥ ಹಾಡುಗಳನ್ನು ಶಾಲೆಗಳಿಗೂ ಊರಿನ ಕ್ವೈರ್‌ಗಳಿಗೂ ಅಂತಲೇ ಬರೆದಿದ್ದಾರೆ, ಬೇಕಾದಷ್ಟು ಸಿಗುತ್ತವೆ.

ಎಲ್ಲರೂ ಒಂದೇ ಧಾಟಿ ಹಾಡುವುದಾದರೆ ನಾನು ಈಗ ಪಾಲಿಸುವ ಲೆಕ್ಕ ಹೇಳ್ತೀನಿ. ಕೀಬೋರ್ಡಿನಲ್ಲಿ ನಡುವಿನ 'ಸಿ'ಗಿಂತ ಕೆಳಗಿನ 'ಎ'ಯಿಂದ, ಮೇಲಿನ 'ಡಿ' ತನಕ. ಹಾಡು ಇಷ್ಟರೊಳಗೆ ಇದ್ದರೆ ಸಾಮಾನ್ಯ ಹೆಂಗಸರು ಹಾಡಬಲ್ಲರು, ಗಂಡಸರು ಸರಿಯಾಗಿ ಒಂದು ಸ್ಥಾಯಿ ಕೆಳಗೆ ನಿಂತು ಆರಾಮಾಗಿ ಹಾಡಬಲ್ಲರು. ಹಾಗಾಗಿ ಮಂದ್ರ ಪಂಚಮದಿಂದ ತಾರ ಷಡ್ಜದವರೆಗೆ ಓಡಾಡುವ ಹಾಡಿದ್ದರೆ ಎರಡು ಮನೆ ಶ್ರುತಿಯಲ್ಲಿಟ್ಟರೆ ಎಲ್ಲರಿಗೂ ಹೊಂದುತ್ತೆ. ಅದಕ್ಕಿಂತ ಹರವು ಜಾಸ್ತಿ ಇರುವ ಹಾಡು ಎಷ್ಟೇ ಇಷ್ಟವಾದರೂ ಅದು ಒಬ್ಬರು ಹಾಡಬೇಕಾದ ಹಾಡು. ಒಬ್ಬರಿಂದಲೇ ಹಾಡಿಸಿ, ಪಲ್ಲವಿ ಮಾತ್ರ ಎಲ್ಲರೂ ಹಾಡಲಿ.

ಇನ್ನೊಂದು ಸೂಕ್ಷ್ಮ. ಹಾಡಿನ ಅತಿ ಎತ್ತರದ ಸ್ವರ ಯಾವುದು ಅಂತ ನೋಡಿದರೆ ಸಾಲದು, ಹಾಡು ಹೆಚ್ಚು ಹೊತ್ತು ಎಲ್ಲಿ ಕೂತಿರುತ್ತೆ ಅಂತ ನೋಡಬೇಕು. ಮೆಸ್ಸಾಯದ 'ಹಲ್ಲೆಲೂಯ' ಕೋರಸ್ಸನ್ನು ಎಲ್ಲ ಕ್ವೈರ್‌ಗಳೂ ಆಸೆಪಡುತ್ತವೆ. ಅದರ ಕೊನೆಯ ಭಾಗದಲ್ಲಿ ಸೊಪ್ರಾನೊಗಳು ಒಂದು ಸ್ವರ ಹಿಡಿದು ನಿಲ್ಲಬೇಕು, ಆಮೇಲೆ ಒಂದು ಮೆಟ್ಟಿಲು ಮೇಲೆ, ಮತ್ತೆ ಹಿಡಿದು ನಿಲ್ಲಬೇಕು, ಮತ್ತೊಂದು ಮೆಟ್ಟಿಲು, ಹೀಗೆ ಎತ್ತರದ 'ಜಿ' ತನಕ. ಒಂದು ಸಲ ಮುಟ್ಟಿ ಬರೋದು ಬೇರೆ, ಅಲ್ಲೇ ನಿಂತಿರೋದು ಬೇರೆ. ಮಾಳಿಗೆ ಹತ್ತಿ ಇಳಿಯೋದಕ್ಕೂ ಏಣಿಯ ಮೇಲೆ ನಿಂತು ಸುಣ್ಣ ಬಳಿಯೋದಕ್ಕೂ ವ್ಯತ್ಯಾಸ ಇಲ್ಲವೇ? ವಾರಕ್ಕೊಮ್ಮೆ ಹಾಡುವ ಗಂಟಲಿಗೆ ಅಷ್ಟು ದುಡಿಮೆ ಕೊಡುವ ಮೊದಲು ಯೋಚನೆ ಮಾಡಿ.

ಈಗ ಮಕ್ಕಳ ವಿಷಯ. ಹುಡುಗರ ದನಿ ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕರ ಹೊತ್ತಿಗೆ ಬದಲಾಗುತ್ತೆ. ಗಂಟಲಿನೊಳಗಿನ ಸ್ವರತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತೆ. ಕೆಲವು ತಿಂಗಳು ಆ ಹುಡುಗನಿಗೆ ನೆಚ್ಚಿಕೊಳ್ಳುವಂತೆ ಸಿಗೋದು ಐದಾರು ಸ್ವರ ಮಾತ್ರ. ಹುಡುಗಿಯರ ದನಿಯೂ ಬದಲಾಗುತ್ತೆ, ಅಷ್ಟು ಎದ್ದು ಕಾಣಲ್ಲ. ಸ್ವಲ್ಪ ಗಾಳಿ ಬೆರೆತ ದನಿ ಬಂದರೆ "ಗಟ್ಟಿಯಾಗಿ ಹಾಡು" ಅಂತ ಗದರಬಾರದು.

ನಾನು ಹುಡುಗರಾಗಿದ್ದಾಗಲೇ ಹಾಡು ಬಿಟ್ಟ ಎಷ್ಟೋ ಗಂಡಸರನ್ನು ಮಾತಾಡಿಸಿದ್ದೀನಿ. "ಏಳನೇ ಕ್ಲಾಸಲ್ಲಿ ಮೇಷ್ಟ್ರು ಹಿಂದೆ ಹೋಗಿ ನಿಂತ್ಕೊ ಅಂದ್ರು" ಅನ್ನುವ ಮಾತು ಮತ್ತೆ ಮತ್ತೆ ಬರುತ್ತೆ. ನಲವತ್ತು ವರ್ಷವಾದರೂ ಅವರಿಗೆ ಅದು ನೆನಪಿದೆ. ನಮ್ಮ ಗುಂಪಿಗೆ ಗಂಡಸರು ಯಾಕೆ ಬರಲ್ಲ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಹಾಗಾದರೆ ಏನು ಮಾಡಬೇಕು? ಆ ಹುಡುಗನಿಗೆ ಅವನ ಐದಾರು ಸ್ವರದಲ್ಲೇ ಒಂದು ಸಾಲು ಕಟ್ಟಿಕೊಡಬೇಕು. ಹಾಡಿನ ಷಡ್ಜ ಪಂಚಮಗಳನ್ನು ತಾಳಕ್ಕೆ ಸರಿಯಾಗಿ ಹೇಳುವ ಒಂದು ಸಾಲು ಸಾಕು. ಕೇಳೋಕೆ ಅದು ಸಣ್ಣ ಕೆಲಸ ಅಲ್ಲ, ಮೃದಂಗದ ಎಡಗೈ ಇದ್ದ ಹಾಗೆ, ಹಾಡನ್ನು ನಿಲ್ಲಿಸೋದೇ ಅದು. ಎರಡು ತಿಂಗಳಿಗೊಮ್ಮೆ ಅವನ ದನಿ ಎಲ್ಲಿದೆ ಅಂತ ಕೇಳಿ ನೋಡಬೇಕು, ಎಲ್ಲರೆದುರು ಅಲ್ಲ, ಪಕ್ಕಕ್ಕೆ ಕರೆದು. ದನಿ ಇಳಿದರೆ ಸಾಲನ್ನೂ ಇಳಿಸಬೇಕು. ಒಂದು ಮಾತು ಮಾತ್ರ ಎಂದೂ ಹೇಳಬಾರದು, ನಾನು ಹೇಳಿದ ಮಾತು.

ನಾವಿರುವ ಈ ನೆಲದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾವೆಲ್ಲ ಕೆಲಸ ಹುಡುಕಿಕೊಂಡು ದಕ್ಷಿಣ ವೇಲ್ಸ್‌ಗೆ ಬಂದವರು. ನಮಗಿಂತ ನೂರೈವತ್ತು ವರ್ಷ ಮೊದಲು ಕಲ್ಲಿದ್ದಲು ಮತ್ತು ಕಬ್ಬಿಣಕ್ಕಾಗಿ ಇಲ್ಲಿನ ಕಣಿವೆಗಳಿಗೆ ಸಾವಿರಾರು ಜನ ಹೀಗೇ ಬಂದರು. ಅಬರ್ಡೇರ್ ಪೇಟೆಯ ನಡುವೆ ಕೈಯಲ್ಲಿ ಕೋಲು ಹಿಡಿದು ನಿಂತ ಒಂದು ಪ್ರತಿಮೆ ಇದೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. ಗ್ರಿಫಿತ್ ರೀಸ್ ಜೋನ್ಸ್, 'ಕರಾಡೋಗ್' ಅಂತ ಜನ ಕರೀತಿದ್ದರು. ಕಸುಬಿನಿಂದ ಕಮ್ಮಾರ. 1872ರಲ್ಲಿ ಕಣಿವೆಯ ಕೆಲಸಗಾರರ, ಗಂಡಸರು ಹೆಂಗಸರು ಸೇರಿದ ನಾನೂರಕ್ಕೂ ಹೆಚ್ಚು ದನಿಗಳ ಕ್ವೈರನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ಗೆ ಕರೆದುಕೊಂಡು ಹೋಗಿ ಬಹುಮಾನ ತಂದ. 1873ರಲ್ಲಿ ಮತ್ತೆ ತಂದ.

ಆ ಕಾಲದ ಇಲ್ಲಿನ ಕೆಲಸಗಾರರಲ್ಲಿ ಬಹಳ ಜನಕ್ಕೆ ಐದು ಗೆರೆಯ ಸ್ಟಾಫ್ ನೊಟೇಶನ್ ಓದೋಕೆ ಬರುತ್ತಿರಲಿಲ್ಲ. ಅವರು ಕಲಿತದ್ದು 'ಟಾನಿಕ್ ಸೊಲ್‌ಫಾ'. ಡೋ ರೇ ಮಿ ಅಂತ ಅಕ್ಷರದಲ್ಲೇ ಬರೆದುಕೊಂಡು ಹಾಡುವ ಪದ್ಧತಿ. ನಾರಿಚ್‌ನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಶುರುಮಾಡಿ, ಜಾನ್ ಕರ್ವೆನ್ ಬೆಳೆಸಿದ್ದು. ಅದರ ಗುಟ್ಟು ಏನು ಗೊತ್ತೇ? ಅದರಲ್ಲಿ 'ಡೋ' ಒಂದೇ ಕಡೆ ಕೂತಿರಲ್ಲ. ಶ್ರುತಿ ಬದಲಾದರೆ ಡೋ ಕೂಡ ಬದಲಾಗುತ್ತೆ, ನಮ್ಮ 'ಸ' ಇದ್ದ ಹಾಗೆ! ನಮ್ಮ ಕ್ವೈರಿನ ಹಿರಿಯರೊಬ್ಬರು ತಾತನ ಕಾಲದ ಸೊಲ್‌ಫಾ ಪುಸ್ತಕ ತಂದು ತೋರಿಸಿದಾಗ ನನಗೆ ಮೈ ಜುಂ ಅಂದಿತು. ನಾನು ಅದನ್ನು ಸರಿಗಮದಲ್ಲಿ ಓದಿದೆ, ಅವರು ಡೋರೇಮಿಯಲ್ಲಿ ಓದಿದರು, ಹಾಡು ಒಂದೇ ಆಯಿತು. ಆದ್ದರಿಂದ "ನಮಗೆ ನೊಟೇಶನ್ ಬರಲ್ಲ, ಕ್ವೈರ್ ನಮ್ಮದಲ್ಲ" ಅನ್ನಬೇಡಿ. ಸರಳೆ ಜಂಟಿವರಸೆ ಹಾಡಿದವರು ಅರ್ಧ ದಾರಿ ಬಂದಾಗಿದೆ. ನಮ್ಮ ನಾಡಿಗೂ ನಾಲ್ಕು ದನಿಯ ಹಾಡು ಹೊಸದೇನಲ್ಲ. ಮಂಗಳೂರು ಉಡುಪಿ ಕಡೆ, 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ಪರಂಪರೆಯ ಚರ್ಚುಗಳಲ್ಲಿ ಕನ್ನಡ ಗೀತೆಗಳನ್ನು ಹೀಗೆ ಹಾಡುತ್ತಾ ಬಂದಿದ್ದಾರೆ.

ಇನ್ನು ಎಂಥ ಹಾಡು ಆರಿಸಬೇಕು? ನಾನು ಪ್ರಯೋಗ ಮಾಡಿ ನೋಡಿದ ನಾಲ್ಕು ಬಗೆ ಹೇಳ್ತೀನಿ.

ಮೊದಲನೆಯದು ಬೆನ್ನಟ್ಟುವ ಹಾಡು, ಇಂಗ್ಲಿಷಿನವರು 'ರೌಂಡ್' ಅಂತಾರೆ. ಒಂದು ಗುಂಪು ಶುರುಮಾಡುತ್ತೆ, ಅದು ಎರಡನೇ ಸಾಲಿಗೆ ಬಂದಾಗ ಇನ್ನೊಂದು ಗುಂಪು ಮೊದಲಿಂದ ಹಿಡಿಯುತ್ತೆ. ಎಲ್ಲರೂ ಕಲಿಯೋದು ಒಂದೇ ಧಾಟಿ, ಕೇಳೋದು ಮಾತ್ರ ಎರಡು ಮೂರು ದನಿಯ ಹೆಣಿಗೆ. ಈ ದೇಶದಲ್ಲಿ ಹದಿಮೂರನೇ ಶತಮಾನದಿಂದ ಬರೆದಿಟ್ಟ ರೌಂಡ್ ಇದೆ. ನಮ್ಮ ಮೋಹನ ರಾಗ ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಐದು ಸ್ವರಗಳಲ್ಲಿ ಒಂದಕ್ಕೊಂದು ತೀರಾ ಅಂಟಿಕೊಂಡ ಸ್ವರ ಇಲ್ಲ, ಹಾಗಾಗಿ ಯಾವುದರ ಮೇಲೆ ಯಾವುದು ಬಿದ್ದರೂ ಕಿವಿಗೆ ಚುಚ್ಚಲ್ಲ. ತೋಡಿಯಂಥ ರಾಗದಲ್ಲಿ ಇದನ್ನು ಮಾಡೋಕೆ ಹೋಗಬೇಡಿ. ಗಮಕದಲ್ಲೇ ಉಸಿರಾಡುವ ರಾಗಕ್ಕೆ ಇಪ್ಪತ್ತು ಜನ ಒಟ್ಟಿಗೆ ಕೈ ಹಾಕಿದರೆ ರಾಗಕ್ಕೂ ನೋವು, ನಮಗೂ ನೋವು.

ಎರಡನೆಯದು ಸೊಲ್ಲು ಹೇಳಿ ಸೊಲ್ಲು ಹಿಡಿಯುವ ನಮ್ಮ ಜನಪದ ಹಾಡುಗಳು. ಸೋಬಾನೆ, ಕೋಲಾಟ, ಕಂಸಾಳೆಯ ಪದಗಳು, ಭಜನೆ. ಮುಂದಾಳು ಹೇಳಬೇಕು, ಉಳಿದವರು ಹಿಡಿಯಬೇಕು. ಇವನ್ನು ಕಟ್ಟಿದವರು ದುಡಿಯುವ ಜನ, ಅವರೇನು ಅಭ್ಯಾಸಕ್ಕೆ ರಜ ಹಾಕಿ ಬರ್ತಿದ್ದರೇ? ನಮ್ಮಲ್ಲಿ ಕೇರ್ ಹೋಮ್‌ನಲ್ಲಿ, ವೇರ್‌ಹೌಸ್‌ನಲ್ಲಿ, ಟ್ಯಾಕ್ಸಿಯಲ್ಲಿ ದುಡಿಯುವವರು ಮೂರು ಭಾನುವಾರ ತಪ್ಪಿಸಿಕೊಂಡು ನಾಲ್ಕನೆಯದಕ್ಕೆ ಬಂದರೂ ಇಂಥ ಹಾಡಿನಲ್ಲಿ ಜಾಗ ಸಿಗುತ್ತೆ. ಗಂಡಸರು ಅವರ ಶ್ರುತಿಯಲ್ಲಿ ಒಂದು ನುಡಿ, ಹೆಂಗಸರು ಅವರ ಶ್ರುತಿಯಲ್ಲಿ ಒಂದು ನುಡಿ ಅಂತ ಹಂಚಿಕೊಳ್ಳಲೂಬಹುದು.

ಮೂರನೆಯದು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಸಾಹಿತ್ಯ. ಬ್ರಿಟಿಷರ ಬ್ಯಾಂಡಿನ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತದಲ್ಲಿ ಮಾತು ಕಟ್ಟಿದ ಸುಮಾರು ನಲವತ್ತು ಪುಟ್ಟ ರಚನೆಗಳು. ಎಲ್ಲ ಶಂಕರಾಭರಣದ ಸ್ವರಗಳು, ಗಮಕ ಇಲ್ಲ, ನೇರ ನಡೆ. ಒಂದರ ಧಾಟಿಯಂತೂ ಈ ದೇಶದ ರಾಷ್ಟ್ರಗೀತೆಯದೇ! ಮಕ್ಕಳಿಗೆ ಇದು ಎರಡು ಮನೆಯ ನಡುವಿನ ಬಾಗಿಲು. ಶಾಲೆಯಲ್ಲಿ ಕಲಿತ ಕಿವಿಗೂ ಹಿಡಿಸುತ್ತೆ, ಅಜ್ಜಿಗೂ ಹಿಡಿಸುತ್ತೆ.

ನಾಲ್ಕನೆಯದು ಎಲ್ಲರಿಗೂ ಬರುವ ಒಂದು ಹಾಡು. ನಾಡಗೀತೆ ಆಗಲಿ, ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹಾಡಿದ್ದಾಗಲಿ. ಇದರಲ್ಲಿ ಜಾಣತನ ತೋರಿಸೋಕೆ ಹೋಗಬಾರದು. ಒಂದೇ ಧಾಟಿ, ಎಲ್ಲರಿಗೂ ಹೊಂದುವ ಶ್ರುತಿ, ಸಭೆಯೂ ಸೇರಿಕೊಳ್ಳಲಿ.

ಒಂದು ಕಾರ್ಯಕ್ರಮಕ್ಕೆ ನಾಲ್ಕು ಹಾಡಿದ್ದರೆ, ಒಂದು ಮಾತ್ರ ಕಷ್ಟದ್ದಿರಲಿ, ಎರಡು ಸುಲಭದ್ದು, ಒಂದು ಗೊತ್ತಿರೋದು. ನಾಲ್ಕೂ ಕಷ್ಟವಾದರೆ ಜನ ಬಿಡ್ತಾರೆ, ನಾಲ್ಕೂ ಸುಲಭವಾದರೆ ಬೇಜಾರಾಗಿ ಬಿಡ್ತಾರೆ.

ಮಾತಿನ ಬಗ್ಗೆಯೂ ನಿಗಾ ಇರಲಿ. ಕನ್ನಡ ಹಾಡೋಕೆ ತುಂಬಾ ಒದಗುವ ಭಾಷೆ, ನಮ್ಮ ಪದಗಳು ಸ್ವರದಲ್ಲೇ ಮುಗಿಯುತ್ತವೆ, ದನಿಗೆ ಬಾಗಿಲು ತೆರೆದೇ ಇರುತ್ತೆ. ಆದರೆ ಪರಭಾಷೆಯ ಧಾಟಿಗೆ ಕನ್ನಡ ಮಾತು ಕೂರಿಸುವಾಗ ಹ್ರಸ್ವ ಇರುವಲ್ಲಿ ಉದ್ದ ಎಳೆದರೆ ಅರ್ಥವೇ ಕೆಡುತ್ತೆ. 'ಬಳೆ' ಹೋಗಿ 'ಬಾಳೆ' ಆದರೆ ಕೈಗೆ ಏನು ತೊಡಿಸೋದು? ಒತ್ತಕ್ಷರದ ಮೇಲೆ ಉದ್ದ ಸ್ವರ ಬಂದರೆ, ಒತ್ತಿಗೆ ಮೊದಲಿನ ಅಕ್ಷರವನ್ನು ಎಳೆದು, ಒತ್ತನ್ನು ಕೊನೇ ಗಳಿಗೆಯಲ್ಲಿ ಮುಚ್ಚಬೇಕು. ಕಳೆದ ವರ್ಷ ಮಂಗಳವಾರದ ಕ್ವೈರಿಗೆ ಒಂದು ಜನಪದ ಹಾಡು ಕಲಿಸಿದೆ. ಅವರಿಗೆ ನಮ್ಮ 'ಳ' ಬರಲ್ಲ, ನಮಗೆ ಅವರ ಎರಡು 'ಎಲ್' ಬರಲ್ಲ. ಲಾನೆಲ್ಲಿ ಊರಿನ ಹೆಸರನ್ನು ಸರಿಯಾಗಿ ಹೇಳೋಕೆ ಹೋಗಿ ನಾನೆಷ್ಟು ಸಲ ಸೋತಿದ್ದೀನಿ! ಆ ಸಂಜೆ ಇಬ್ಬರೂ ನಾಲಿಗೆ ಹೊರಳಿಸಿ ಹೊರಳಿಸಿ ನಕ್ಕಿದ್ದೇ ನಕ್ಕಿದ್ದು. ಹಾಡು ಕಲಿಸುವ ಮೊದಲು ಅದರ ಅರ್ಥ ಹೇಳಿ. ಗುಂಪಿನಲ್ಲಿ ಬೇರೆ ಬೇರೆ ನಂಬಿಕೆಯವರಿದ್ದರೆ, ಇದನ್ನು ಹಾಡೋಕೆ ನಿಮಗೆ ಮುಜುಗರವೇ ಅಂತ ಮೊದಲೇ ಕೇಳಿ. ಮಕ್ಕಳಾದರೆ ಮನೆಯವರನ್ನೂ ಕೇಳಿ.

ಕೊನೆಗೆ ಒಂದು ಒಣ ವಿಷಯ, ಹಕ್ಕುಸ್ವಾಮ್ಯ. ಅಚ್ಚಾದ ಸ್ಕೋರ್ ಒಂದು ಕೊಂಡು ಇಪ್ಪತ್ತು ಜೆರಾಕ್ಸ್ ತೆಗೆಯೋದು ಕಾನೂನಿಗೆ ವಿರುದ್ಧ. ಈ ದೇಶದಲ್ಲಿ ಬರೆದವರು ತೀರಿಕೊಂಡು ಸಾಮಾನ್ಯವಾಗಿ 70 ವರ್ಷ, ಭಾರತದಲ್ಲಿ 60 ವರ್ಷ ಹಕ್ಕು ಉಳಿಯುತ್ತೆ. ವಚನ ಹಳೆಯದು, ಆದರೆ ಅದರ ರಾಗ ಸಂಯೋಜನೆ ಹೊಸದಿರಬಹುದು, ಎರಡನ್ನೂ ಬೇರೆ ಬೇರೆ ನೋಡಬೇಕು. ಹಳೆಯ ಪಾಶ್ಚಾತ್ಯ ಹಾಡುಗಳು ಬೇಕಾದರೆ ಕೋರಲ್ ಪಬ್ಲಿಕ್ ಡೊಮೇನ್ ಲೈಬ್ರರಿಯಲ್ಲಿ ಸಾವಿರಾರು ಪುಕ್ಕಟೆ ಇವೆ. ನಮ್ಮಂಥ ಕೈ ಬಿಗಿಯ ಬಳಗಕ್ಕೆ ಅದೇ ಭಂಡಾರ.

ಈ ಲೆಕ್ಕವನ್ನೆಲ್ಲ ಪಾಲಿಸಿದ ಮೇಲೆ ನಮ್ಮಲ್ಲಿ ಏನಾಯಿತು? ದೊಡ್ಡ ಪವಾಡ ಏನಿಲ್ಲ. ಕಳೆದ ರಾಜ್ಯೋತ್ಸವಕ್ಕೆ ಗಂಡಸರು ಎರಡರಿಂದ ಆರಾದರು. ಅದರಲ್ಲಿ ಒಬ್ಬರು, ಐವತ್ತು ದಾಟಿದವರು, ಅಭ್ಯಾಸ ಮುಗಿದ ಮೇಲೆ ಕಾರ್ ಪಾರ್ಕಿನಲ್ಲಿ ನಿಂತು, "ನನಗೂ ಹಾಡೋಕೆ ಬರುತ್ತೆ ಅಂತ ಗೊತ್ತಿರಲಿಲ್ಲ ಕಣಮ್ಮ" ಅಂದರು. ಅವರ ದನಿ ಮೊದಲಿನದೇ. ಶ್ರುತಿ ಮಾತ್ರ ಮೂರು ಮನೆ ಇಳಿದಿತ್ತು.

ಆ ಹುಡುಗನಿಗೆ ಈಗ ಹದಿನೈದು. ಶಾಲೆಯ ಕ್ವೈರ್‌ನಲ್ಲಿ ಬಾಸ್ ಸಾಲಿನಲ್ಲಿ ಹಾಡ್ತಾನಂತೆ, ಅವನ ತಾಯಿ ಹೇಳಿದರು. ಅವನ ಶಾಲೆಯ ಟೀಚರಿಗೆ ನನಗೆ ಹೊಳೆಯದ್ದು ಹೊಳೆದಿತ್ತು. ನಾನು ಅವನ ಹತ್ತಿರ ಹೋಗಿ ತಪ್ಪಾಯಿತು ಅಂದೆ. "ಇಟ್ಸ್ ಫೈನ್, ಆಂಟಿ" ಅಂದ. ನಮ್ಮ ಗುಂಪಿಗೆ ಇನ್ನೂ ಬಂದಿಲ್ಲ. ಬಾ ಅಂತ ಬಲವಂತ ಮಾಡೋ ಹಕ್ಕು ನನಗಿಲ್ಲ. ಆದರೆ ಮುಂದಿನ ನವೆಂಬರಿಗೆ ಆರಿಸಿದ ಹಾಡಿನಲ್ಲಿ ಬಾಸ್‌ಗೆ ಒಂದು ಸಾಲು ಬರೆದಿಟ್ಟಿದ್ದೀನಿ. ಅವನು ಬಂದರೆ ಅವನಿಗೆ, ಬಾರದಿದ್ದರೆ ಇಲ್ಲಿ ಕೂತಿರುವ ಯಾರಿಗಾದರೂ. ಏಳನೇ ಕ್ಲಾಸಿನಲ್ಲಿ ನಿಮ್ಮನ್ನು ಹಿಂದೆ ಕಳಿಸಿದ್ದರೆ, ದಯವಿಟ್ಟು ಮುಂದೆ ಬನ್ನಿ. ಅಭ್ಯಾಸ ಭಾನುವಾರ ನಾಲ್ಕು ಗಂಟೆಗೆ. ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದರೂ ಸೈ.